ಹಳೇ ಬೇಲಿ ಕಂಬಕ್ಕೆ ಹೊಸ ಜಾಲರಿ: ಕೀಳೋ ಮೊದಲು ಒಂದು ಲೆಕ್ಕ

ಗೋಕಾಕದಿಂದ ಮೂಡಲಗಿ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿದರೆ ಕಬ್ಬು, ಗೋವಿನಜೋಳ, ಅರಿಶಿನದ ನಡುವೆ ಒಂದು ಬದಲಾವಣೆ ಕಾಣ್ತದೆ. ಮೊದಲು ಬದುವಿನ ಮೇಲೆ ಕಲ್ಲು ಕಂಬ, ಅದಕ್ಕೆ ನಾಲ್ಕೆಳೆ ಮುಳ್ಳುತಂತಿ ಇರ್ತಿತ್ತು. ಈಗ ಒಂದೊಂದೇ ತೋಟಕ್ಕೆ ಚೈನ್‌ಲಿಂಕ್ ಜಾಲರಿ ಬರ್ತಾ ಇದೆ. ಹುಕ್ಕೇರಿ ತಾಲೂಕಿನ ಕಡೆಗೂ ಹಾಗೇ. ಕಾರಣ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಹಂದಿ ಕಾಟ, ನಾಯಿ ಕಾಟ, ದನದ ಕಾಟ. ಮುಳ್ಳುತಂತಿ ಎತ್ತನ್ನು ತಡೆಯುತ್ತದೆ, ಹಂದಿಯನ್ನು ತಡೆಯೋದಿಲ್ಲ.

ಜಾಲರಿ ತರುವಾಗ ಎಲ್ಲರಿಗೂ ಬರುವ ಪ್ರಶ್ನೆ ಒಂದು: ಹಳೇ ಕಂಬ ಏನು ಮಾಡೋದು? ಕೆಲವರು ಎಲ್ಲವನ್ನೂ ಕಿತ್ತು ಬದುವಿನ ಮೂಲೆಗೆ ಒಗೆದು ಹೊಸ ಸಿಮೆಂಟ್ ಕಂಬ ತರ್ತಾರೆ. ಕೆಲವರು ಇದ್ದ ಕಂಬಕ್ಕೇ ಜಾಲರಿ ಬಿಗಿದು, ಎರಡು ಮಳೆಗಾಲ ಕಳೆಯುವುದರೊಳಗೆ ಮೂಲೆ ಕಂಬ ಒಳಗೆ ವಾಲಿ ಜಾಲರಿ ಹೊಟ್ಟೆ ಬಿಟ್ಟಿದ್ದನ್ನು ನೋಡ್ತಾ ಕೂಡ್ತಾರೆ. ಮೊದಲನೆಯವರ ದುಡ್ಡು ಸುಮ್ಮನೆ ಹೋಯ್ತು. ಎರಡನೆಯವರದ್ದು ಎರಡು ಸಲ ಹೋಯ್ತು. ಸಣ್ಣ ಹಿಡುವಳಿಯವರಿಗೆ ಬೇಲಿ ಖರ್ಚು ಅಂದ್ರೆ ಸಣ್ಣ ಮಾತಲ್ಲ. ಒಂದು ವರ್ಷದ ಕಬ್ಬಿನ ಬಿಲ್ಲಿನೊಳಗೆ ದೊಡ್ಡ ಪಾಲು ಅದಕ್ಕೇ ಹೋಗಬಹುದು. ನಾವು ಮೂರನೇ ಸೆಮಿಸ್ಟರಿನಲ್ಲಿ ಓದಿದ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಇಲ್ಲಿ ನೇರವಾಗಿ ಕೆಲಸಕ್ಕೆ ಬರ್ತದೆ ಅನ್ನೋದೇ ಈ ಲೇಖನಕ್ಕೆ ಕಾರಣ.

ಕಂಬ ಹಳೇದೋ ಹೊಸದೋ ಅನ್ನೋದು ಇಲ್ಲಿ ದೊಡ್ಡ ವಿಷಯ ಅಲ್ಲ. ಬೇಲಿ ಬದಲಾದಾಗ ಕಂಬದ ಕೆಲಸ ಬದಲಾಗುತ್ತದೆ. ಅದೂ ಎಲ್ಲ ಕಂಬದ್ದಲ್ಲ, ಕೆಲವು ಕಂಬದ್ದು ಮಾತ್ರ.

ಗೋಕಾಕ ಫಾಲ್ಸಿನ ತೂಗುಸೇತುವೆ ಮೇಲೆ ನಡೆಯದವರು ನಮ್ಮಲ್ಲಿ ಕಡಿಮೆ. ಅಲ್ಲಿ ನಡೆಯುವಾಗ ನಮ್ಮ ಗಮನವೆಲ್ಲ ಕೆಳಗಿನ ನೀರಿನ ಮೇಲೆ, ಅಲುಗಾಡೋ ಹಲಗೆ ಮೇಲೆ. ಆದರೆ ಸೇತುವೆಯ ಎಳೆತವನ್ನೆಲ್ಲ ಕೊನೆಗೆ ಹಿಡಿದಿಟ್ಟುಕೊಂಡಿರೋದು ಎರಡೂ ದಂಡೆಯಲ್ಲಿ ಹಗ್ಗ ಕಟ್ಟಿದ ಜಾಗ. ಬೇಲಿಯೂ ಹಾಗೇ. ನೇರ ಸಾಲಿನ ನಡುವಿನ ಕಂಬಕ್ಕೆ ತಂತಿ ಎಡಕ್ಕೆ ಎಷ್ಟು ಎಳೆಯುತ್ತೋ ಬಲಕ್ಕೂ ಅಷ್ಟೇ ಎಳೆಯುತ್ತದೆ. ಎರಡೂ ಕಳೆದು ಸೊನ್ನೆ. ಆ ಕಂಬ ಬರೀ ಜಾಲರಿಯನ್ನು ಎತ್ತಿ ಹಿಡಿದು ನಿಂತಿರುತ್ತದೆ, ಗಾಳಿ ಬಂದಾಗ, ದನ ಒರಗಿದಾಗ ಸ್ವಲ್ಪ ತಡೆದುಕೊಳ್ಳುತ್ತದೆ. ಈ ಕೆಲಸಕ್ಕೆ ನಿಮ್ಮ ಅಜ್ಜ ನೆಟ್ಟ ಕಲ್ಲು ಕಂಬ ಇನ್ನೂ ಮೂವತ್ತು ವರ್ಷ ಸಾಕು. ಕೊನೆ ಕಂಬ, ಮೂಲೆ ಕಂಬ, ಗೇಟಿನ ಕಂಬ ಇವು ಮೂರು ಮಾತ್ರ ಹಗಲು ರಾತ್ರಿ ಒಂದೇ ಕಡೆ ಎಳೆಸಿಕೊಂಡು ನಿಲ್ಲಬೇಕು.

ನಡುವೆ ಬದು ತಿರುಗಿದ ಕಡೆ ಏನಾಗುತ್ತದೆ? ನಮ್ಮ ಹೊಲದ ಬದು ಯಾವುದೂ ಸ್ಕೇಲ್ ಇಟ್ಟು ಗೀಚಿದ್ದಲ್ಲ. ಮೂರು ಲೈನ್ ವೈರ್, ಒಂದೊಂದಕ್ಕೆ 100 ಕೆ.ಜಿ. ಎಳೆತ ಅಂತ ಇಟ್ಟುಕೊಳ್ಳಿ, ಒಟ್ಟು 300. ತಿರುವಿನ ಕಂಬದ ಮೇಲೆ ಬೀಳುವ ಬಲ ಅಂದ್ರೆ ಎಳೆತದ ಎರಡು ಪಟ್ಟನ್ನು ತಿರುವಿನ ಕೋನದ ಅರ್ಧದ ಸೈನ್‌ನಿಂದ ಗುಣಿಸಿದ್ದು. 10 ಡಿಗ್ರಿ ತಿರುವಿಗೆ ಸುಮಾರು 52 ಕೆ.ಜಿ. ಪರವಾಗಿಲ್ಲ. 30 ಡಿಗ್ರಿಗೆ 155. 60 ಡಿಗ್ರಿಗೆ ಪೂರ್ತಿ 300. ಚೌಕ ಮೂಲೆಗೆ 424. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಜಾಲರಿ ರೇಟು ಕೇಳೋದಲ್ಲ, ಬದು ಸುತ್ತ ನಡೆದು ಯಾವ ಕಂಬದ ಹತ್ತಿರ ಸಾಲು ತಿರುಗುತ್ತದೆ ಅಂತ ಸುಣ್ಣದ ಗುರುತು ಹಾಕೋದು. ಒಂದು ಎಕರೆ ಸುತ್ತ ಎಂಬತ್ತು ನೂರು ಕಂಬ ಇದ್ದರೂ ಗುರುತು ಬೀಳೋದು ಹತ್ತು ಹನ್ನೆರಡಕ್ಕೆ. ದುಡ್ಡು ಹಾಕಬೇಕಾದ್ದು ಅಲ್ಲಿ.

ಈಗ ಆ ಮೂಲೆಯಲ್ಲಿ ಒಂದು ಹಳೇ ಕಲ್ಲು ಕಂಬ ಇದೆ ಅನ್ನಿ. 15 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪ. ಲೈನ್ ವೈರ್ ನೆಲದಿಂದ 10, 75, 140 ಸೆಂ.ಮೀ. ಎತ್ತರದಲ್ಲಿವೆ. ಒಂದು ಸಾಲಿನ ಎಳೆತಕ್ಕೇ ನೆಲದ ಮಟ್ಟದಲ್ಲಿ ಬರುವ ಬಾಗಿಸುವ ಮೊಮೆಂಟು 1000 ನ್ಯೂಟನ್ ಗುಣಿಸು 2.25 ಮೀಟರ್, ಅಂದ್ರೆ 2250 ನ್ಯೂಟನ್ ಮೀಟರ್. ಕಂಬದ ಅಗಲದ ದಿಕ್ಕು ಎಳೆತದ ಕಡೆ ಇದ್ದರೆ ಕಲ್ಲಿನೊಳಗಿನ ಒತ್ತಡ 6 ಮೆಗಾಪಾಸ್ಕಲ್. ತೆಳುವಾದ ದಿಕ್ಕು ಎಳೆತದ ಕಡೆ ಇದ್ದರೆ 9. ಅದೇ ಕಲ್ಲು, ಅದೇ ತಂತಿ. ಕಂಬ ಯಾವ ಕಡೆ ಮುಖ ಮಾಡಿದೆ ಅನ್ನೋದರ ಮೇಲೆ ಒಂದೂವರೆ ಪಟ್ಟು ವ್ಯತ್ಯಾಸ. ಒಳ್ಳೆಯ ಗ್ರಾನೈಟು 10 ಮೆಗಾಪಾಸ್ಕಲ್ ದಾಟಿ ತಾಳುತ್ತದೆ. ಪದರಿರುವ ಮರಳುಗಲ್ಲು ಎಷ್ಟೋ ಸಲ ಅದರ ಅರ್ಧವನ್ನೂ ತಾಳುವುದಿಲ್ಲ. ಗೋಕಾಕದ ಗುಡ್ಡವೆಲ್ಲ ಮರಳುಗಲ್ಲು ಅನ್ನೋದನ್ನ ಫಾಲ್ಸಿನ ಬಂಡೆಯ ಪದರ ನೋಡಿದವರಿಗೆ ಹೇಳಬೇಕಾಗಿಲ್ಲ. ಹತ್ತಿರದ ಕಲ್ಲಿನಿಂದಲೇ ಮಾಡಿದ ಕಂಬವಾದರೆ ಪದರ ಯಾವ ಕಡೆ ಓಡಿದೆ ನೋಡಿ. ಕಬ್ಬಿಣ ಬಾಗಿ, ವಾಲಿ, ಮುನ್ಸೂಚನೆ ಕೊಟ್ಟು ಸೋಲುತ್ತದೆ. ಕಲ್ಲು ಹೇಳದೆ ಕೇಳದೆ ಒಡೆಯುತ್ತದೆ, ಅದೂ ತಂತಿ ಬಿಗಿಯುವವನು ಪಕ್ಕದಲ್ಲೇ ನಿಂತಾಗ.

ಹಾಗಂತ ಮೂಲೆಯ ಕಲ್ಲು ಕಂಬ ಕೀಳಲೇಬೇಕು ಅಂತಿಲ್ಲ. ಸಪೋರ್ಟ್ ಕಂಬ ಕೊಟ್ಟರೆ ಬದುಕುತ್ತದೆ. ಇಲ್ಲಿ ನಮ್ಮ ಕಡೆ ಹೆಚ್ಚಿನವರು ತಪ್ಪೋದು ಎರಡು ಜಾಗದಲ್ಲಿ. ಒಂದು, ಸಪೋರ್ಟನ್ನು ಬೇಲಿಯ ಹೊರಗೆ, ಎಳೆತದ ಹಿಂದುಗಡೆ ಕೊಡ್ತಾರೆ. ಒತ್ತಿ ಹಿಡಿಯೋ ಕಂಬ ಬೇಲಿ ಸಾಲಿನಲ್ಲೇ, ಕಂಬ ಯಾವ ಕಡೆ ವಾಲಲು ನೋಡುತ್ತೋ ಆ ಕಡೆ ಇರಬೇಕು. ಹಿಂದುಗಡೆ ಕೊಡುವುದಾದರೆ ಅದು ಎಳೆದು ಹಿಡಿಯುವ ತಂತಿ ಆಗಬೇಕು, ಕಲ್ಲಲ್ಲ. ಮೂಲೆಯಲ್ಲಿ ಎರಡು ಸಾಲು ಸೇರುತ್ತವೆ, ಆದ್ದರಿಂದ ಎರಡು ಸಪೋರ್ಟು.

ಎರಡನೆಯದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳೋದಿಲ್ಲ. ಸಪೋರ್ಟನ್ನು ಒಂದು ಮೀಟರ್ ಎತ್ತರಕ್ಕೆ, 45 ಡಿಗ್ರಿಯಲ್ಲಿ ಕೊಟ್ಟರೆ, ಮೇಲಿನ ಲೆಕ್ಕದ ಪ್ರಕಾರ ಅಡ್ಡ ಬಲ 2250 ನ್ಯೂಟನ್. ಆದರೆ ಓರೆ ಕಂಬ ಅಡ್ಡಕ್ಕೆ ಮಾತ್ರ ಒತ್ತುವುದಿಲ್ಲ, ಮೇಲಕ್ಕೂ ಅಷ್ಟೇ ಒತ್ತುತ್ತದೆ. ಅಂದ್ರೆ ಮೂಲೆ ಕಂಬವನ್ನು 225 ಕೆ.ಜಿ. ಬಲದಿಂದ ನೆಲದಿಂದ ಕೀಳ್ತಾ ಇರುತ್ತದೆ! ಏಳು ಫೂಟಿನ ಕಲ್ಲು ಕಂಬದ ತೂಕ ಸುಮಾರು 85 ಕೆ.ಜಿ. ಉಳಿದಿದ್ದನ್ನು ಮಣ್ಣೇ ಹಿಡಿಯಬೇಕು. ಮಳೆಗಾಲದಲ್ಲಿ ಮಣ್ಣು ಕೈಬಿಟ್ಟಿತು ಅಂದ್ರೆ ಕಂಬ ಒಂದೊಂದೇ ಇಂಚು ಮೇಲೆ ಬರ್ತದೆ. "ಕಂಬ ಬೆಳದೈತ್ರಿ" ಅಂತ ಹೊಲದವರು ನಗೋದು ಇದಕ್ಕೇ. ಉಪಾಯ ಎರಡು. ಸಪೋರ್ಟಿನ ಬುಡವನ್ನು ಒಂದು ಮೀಟರ್ ಬದಲು ಎರಡು ಮೀಟರ್ ದೂರ ಇಡಿ, ಮೇಲೆತ್ತುವ ಬಲ ಅರ್ಧಕ್ಕೆ ಇಳಿಯುತ್ತದೆ. ಮತ್ತು ಮೂಲೆ ಕಂಬದ ಬುಡಕ್ಕೆ ಒಂದೂವರೆ ಫೂಟು ಚೌಕ, ಎರಡು ಫೂಟು ಆಳದ ಕಾಂಕ್ರೀಟು ಹಾಕಿ. ಅದರ ತೂಕವೇ 300 ಕೆ.ಜಿ. ಹತ್ತಿರ ಆಗುತ್ತದೆ.

ನಡುವಿನ ಕಂಬಗಳ ತಪಾಸಣೆಗೆ ದೊಡ್ಡ ಉಪಕರಣ ಬೇಡ. ಹಾಸ್ಟೆಲಿನಿಂದ ಊರಿಗೆ ಹೋಗುವಾಗ ಬ್ಯಾಗು ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಇರ್ತದಲ್ಲ, ಅದನ್ನು ಕಂಬದ ತಲೆಗೆ ಹಗ್ಗದಿಂದ ಕಟ್ಟಿ ಅಡ್ಡಕ್ಕೆ 40 ಕೆ.ಜಿ. ಎಳೆದು ನೋಡಿ. ಒಂದೆರಡು ಬೆರಳು ಅಲುಗಾಡಿ ವಾಪಸ್ ಬಂದರೆ ಚಿಂತೆ ಇಲ್ಲ. ವಾಲಿ ಅಲ್ಲೇ ನಿಂತರೆ ಬುಡ ಸಡಿಲು. ಕಲ್ಲಾದರೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಕಲ್ಲು ಠಣ್ ಅನ್ನುತ್ತದೆ, ಒಳಗೆ ಬಿರುಕಿದ್ದರೆ ಮಂಕಾಗಿ ಡಬ್ ಅನ್ನುತ್ತದೆ.

ಸಿಮೆಂಟ್ ಕಂಬದ ರೋಗ ಬೇರೆ. ಊರಲ್ಲೇ ಅಚ್ಚಿಗೆ ಹಾಕಿದ ಕಂಬದಲ್ಲಿ ಕಬ್ಬಿಣದ ಸರಳಿನ ಮೇಲೆ ಕಾಂಕ್ರೀಟಿನ ಹೊದಿಕೆ ತೆಳ್ಳಗಿರುತ್ತದೆ. ನೀರು, ಗಾಳಿ ಒಳಗೆ ಹೋಗಿ ಸರಳು ತುಕ್ಕು ಹಿಡಿಯುತ್ತದೆ. ತುಕ್ಕಿನ ಗಾತ್ರ ಮೂಲ ಕಬ್ಬಿಣದ 2ರಿಂದ 6 ಪಟ್ಟು. ಜಾಗ ಸಾಲದೆ ಕಾಂಕ್ರೀಟನ್ನೇ ಒಡೆದು ಹೊರಗೆ ಬರ್ತದೆ. ಕಂಬದ ಉದ್ದಕ್ಕೂ ಸರಳಿನ ಮೇಲೇ ಸೀಳು ಕಂಡರೆ ಇದೇ ಅಂತ ತಿಳೀರಿ. ಆ ಸೀಳಿಗೆ ಮೇಲಿಂದ ಸಿಮೆಂಟು ಮೆತ್ತೋದು ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ. ಸಡಿಲಾದ ಕಾಂಕ್ರೀಟನ್ನು ಸರಳಿನ ಹಿಂದಿನ ತನಕ ಕೆತ್ತಿ, ತಂತಿ ಬ್ರಶ್ಶಿನಿಂದ ತುಕ್ಕು ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಬಳಿದು, ಆಮೇಲೆ ಪಾಲಿಮರ್ ಬೆರೆಸಿದ ಒಂದಕ್ಕೆ ಮೂರರ ಗಾರೆ ತುಂಬಬೇಕು. ಇದು ಒಂದು ಕಂಬಕ್ಕೆ ಅರ್ಧ ದಿನದ ಕೆಲಸ. ಹತ್ತು ಕಂಬಕ್ಕೆ ಮಾಡಬಹುದು, ನೂರಕ್ಕೆ ಮಾಡೋದು ಹುಚ್ಚುತನ. ಸರಳು ಅರ್ಧಕ್ಕರ್ಧ ಸವೆದಿದ್ದರೆ ಅದರ ಗೊಡವೆಗೇ ಹೋಗಬೇಡಿ. ಅಂಥ ಕಂಬವನ್ನು ಸಾಲಿನ ನಡುವೆ, ಎರಡು ಗಟ್ಟಿ ಕಂಬದ ಮಧ್ಯೆ ನಿಲ್ಲಿಸಿ. ಕಂಬಗಳಿಗೂ ಪ್ಲೇಸ್‌ಮೆಂಟ್ ಅಂತ ಒಂದಿರುತ್ತದೆ ನೋಡ್ರಿ: ಗಟ್ಟಿಯವರು ಮೂಲೆಗೆ, ಸಾಧಾರಣದವರು ನಡುವೆ, ಯಾರೂ ಮನೆಗೆ ಹೋಗಬೇಕಾಗಿಲ್ಲ.

ಜಾಲಿ, ಬೇವಿನ ಗೂಟಗಳು ಕೊಳೆಯೋದು ಯಾವಾಗಲೂ ನೆಲದ ಮಟ್ಟದಲ್ಲಿ. ಆಳದಲ್ಲಿ ಗಾಳಿ ಇಲ್ಲ, ಮೇಲೆ ತೇವ ಇಲ್ಲ; ಎರಡೂ ಸೇರುವುದು ಅಲ್ಲಿ ಮಾತ್ರ. ಸ್ಕ್ರೂಡ್ರೈವರ್ ಚುಚ್ಚಿ ನೋಡಿದರೆ ಗೊತ್ತಾಗುತ್ತದೆ. ಮೇಲಿನ ಕಟ್ಟಿಗೆ ಗಟ್ಟಿ ಇದ್ದರೆ ಕೊಳೆತಿದ್ದನ್ನು ಕೊಯ್ದು, ನೆಲದಲ್ಲಿ ಹೂತ ಕಬ್ಬಿಣದ ಆ್ಯಂಗಲ್ಲಿಗೆ ಎರಡು ಬೋಲ್ಟ್ ಹಾಕಿ ಬಿಗಿಯಿರಿ, ಕಟ್ಟಿಗೆ ನೆಲಕ್ಕೆ ತಾಕದ ಹಾಗೆ ನಾಲ್ಕು ಬೆರಳು ಬಿಡಿ.

ಇಷ್ಟೆಲ್ಲ ಕಂಬದ ಮಾತಾಯ್ತು. ನಿಜ ಹೇಳಬೇಕಂದ್ರೆ ನಮ್ಮ ಮೂರು ತಾಲೂಕಿನಲ್ಲಿ ಬೇಲಿ ಕೆಡಿಸೋದು ಕಂಬಕ್ಕಿಂತ ಹೆಚ್ಚಾಗಿ ನೆಲ. ಎರಿ ಹೊಲದ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಕಾಲುವೆ ನೀರು ಬಿಟ್ಟಾಗ ಒಂದು ಕಡೆ ಹಸಿ, ಬದುವಿನ ಇನ್ನೊಂದು ಕಡೆ ಒಣ. ಕಂಬ ವಾಲದೆ ಏನು ಮಾಡೀತು? ಗೋಕಾಕದ ಗುಡ್ಡದ ಬುಡದ ಮಸಾರಿ ನೆಲದಲ್ಲಿ ಈ ತಾಪತ್ರಯ ಕಡಿಮೆ, ಅಲ್ಲಿ ಕುಣಿ ತೋಡೋದೇ ಕಷ್ಟ.

ಎರಿ ನೆಲದಲ್ಲಿ ಕುಣಿ ಬಾಯಿ ಅಗಲ, ತಳ ಸಣ್ಣ ಇದ್ದರೆ ಕಾಂಕ್ರೀಟು ಅಣಬೆ ಆಕಾರಕ್ಕೆ ಬರ್ತದೆ. ಉಬ್ಬುವ ಮಣ್ಣು ಆ ಟೊಪ್ಪಿಗೆಯ ಕೆಳಗೆ ಕೈಹಾಕಿ ಕಂಬವನ್ನೇ ಎತ್ತುತ್ತದೆ. ಕುಣಿ ಗಡಿಗೆಯ ಹಾಗಿರಬೇಕು, ಬಾಯಿ ಸಣ್ಣ, ತಳ ಅಗಲ. ಸಿವಿಲ್ಲಿನವರಿಗೆ ಇದು ಗೊತ್ತಿದ್ದದ್ದೇ: ಕಪ್ಪು ಮಣ್ಣಿಗೆ ಅಂತಲೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್‌ರೀಮ್ಡ್ ಪೈಲಿನ ತತ್ವವೂ ಇದೇ, ಬುಡದಲ್ಲಿ ಉಬ್ಬಿದ ಗೆಡ್ಡೆ. ಹಾರಿ ಹಿಡಿದು ತಳದಲ್ಲಿ ಸುತ್ತ ಮೂರು ಇಂಚು ಹೆಚ್ಚು ಕೆರೆದರೆ ಬೇಲಿ ಕಂಬಕ್ಕೆ ಸಾಕು. ಆಳ ಎರಡೂವರೆ ಫೂಟಿಗೆ ಕಡಿಮೆ ಬೇಡ.

ವಾಲಿದ ನಡುವಿನ ಕಂಬಕ್ಕೆ ಕಾಂಕ್ರೀಟು ಬೇಕಿಲ್ಲ. ವಾಲಿದ ವಿರುದ್ಧ ದಿಕ್ಕಿನಲ್ಲಿ ಬಗೆದು, ನೆಟ್ಟಗೆ ನಿಲ್ಲಿಸಿ, ಗರಸು ಹಾಕಿ. ಒಮ್ಮೆಲೇ ತುಂಬಬಾರದು. ಆರಾರು ಇಂಚು ಹಾಕಿ, ಹಾರಿಯಿಂದ ಜಡಿದು, ಮತ್ತೆ ಆರು ಇಂಚು. ಆದರೆ ಎರಿ ಮಣ್ಣಿನ ನಡುವೆ ಗರಸು ತುಂಬಿದ ಕುಣಿ ಅಂದ್ರೆ ನೀರು ನಿಲ್ಲೋ ಬೋಗುಣಿ. ಮೇಲಿನ ಅರ್ಧ ಫೂಟಿಗೆ ಅದೇ ಎರಿ ಮಣ್ಣು ಜಡಿದು, ಕಂಬದಿಂದ ಹೊರಗೆ ಇಳಿಜಾರು ಮಾಡಿ. ಬೇಸಿಗೆಯಲ್ಲಿ ಬಿರುಕಿದ್ದಾಗ ಈ ಕೆಲಸ ಹಚ್ಚಬೇಡಿ, ಮಳೆ ಮುಗಿದು ನೆಲ ಹದಕ್ಕೆ ಬಂದಾಗ ಮಾಡಿ.

ಘಟಪ್ರಭಾ ದಂಡೆಯ ಹೊಲದವರಿಗೆ ಇನ್ನೊಂದು ಮಾತು. 2019ರ ಆಗಸ್ಟಿನಲ್ಲಿ ನದಿ ಗೋಕಾಕ ಊರೊಳಗೇ ನುಗ್ಗಿದ್ದು ಯಾರಿಗೂ ಮರೆತಿಲ್ಲ. ಮುಳ್ಳುತಂತಿ ಬೇಲಿಯಲ್ಲಿ ಪ್ರವಾಹದ ನೀರು ಹಾಯ್ದು ಹೋಗುತ್ತದೆ. ಜಾಲರಿಗೆ ಕಬ್ಬಿನ ರವದಿ, ಕಸ ಸಿಕ್ಕಿಕೊಂಡು ಅದು ಗೋಡೆ ಆಗುತ್ತದೆ. ಎರಡೂವರೆ ಮೀಟರ್ ಅಂತರದ ಕಂಬಗಳ ನಡುವೆ ಒಂದು ಮೀಟರ್ ಎತ್ತರ ಕಸ ಕಟ್ಟಿಕೊಂಡು, ನೀರು ಸೆಕೆಂಡಿಗೆ ಒಂದೇ ಮೀಟರ್ ಹರಿದರೂ ಒಂದೊಂದು ಕಂಬದ ಮೇಲೆ 190 ಕೆ.ಜಿ. ಹತ್ತಿರ ಬಲ ಬೀಳುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಯಾವ ಹಳೇ ಕಂಬವೂ, ಹೆಚ್ಚಿನ ಹೊಸ ಕಂಬವೂ ಇದಕ್ಕೆ ನಿಲ್ಲೋದಿಲ್ಲ. ಹೊಳೆ ಕಡೆಯ ಸಾಲಿಗೆ ಮುಳ್ಳುತಂತಿಯೇ ಇರಲಿ. ಜಾಲರಿ ಬೇಕೇ ಬೇಕು ಅಂದ್ರೆ ಅದನ್ನು ತೆಳು ಬೈಂಡಿಂಗ್ ತಂತಿಯಿಂದ ಕಟ್ಟಿ. ನೀರು ಬಂದಾಗ ಕಟ್ಟು ಹರಿದು ಜಾಲರಿ ಮಲಗುತ್ತದೆ, ಕಂಬ ಉಳಿಯುತ್ತದೆ. ಹಸಿರು ನೆಟ್ ಕಟ್ಟುವವರಿಗೂ ಇದೇ ಲೆಕ್ಕ, ನೀರಿನ ಬದಲು ಗಾಳಿ ಅಷ್ಟೇ. ಬರೀ ಜಾಲರಿಯಲ್ಲಿ ಗಾಳಿ ತೂರಿ ಹೋಗುತ್ತದೆ, ನೆಟ್ ಕಟ್ಟಿದ ದಿನ ಅದು ಹಾಯಿ ಆಗುತ್ತದೆ.

ಜಾಲರಿಯನ್ನು ಕಲ್ಲಿಗೆ ಕಟ್ಟೋದು ಹೇಗೆ? ಡ್ರಿಲ್ ಹಿಡಿದು ಹೋಗಬೇಡಿ. ಹತ್ತು ಸೆಂ.ಮೀ. ದಪ್ಪದ ಕಲ್ಲಿಗೆ ಅಂಚಿನ ಹತ್ತಿರ ತೂತು ಹೊಡೆದರೆ ಬಿರುಕು ಅಲ್ಲಿಂದಲೇ ಶುರು. ಅದರಲ್ಲಿ ಸಾದಾ ಕಬ್ಬಿಣದ ಮೊಳೆ ಸಿಕ್ಕಿಸಿದರೆ ಅದೂ ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಸೀಳುತ್ತದೆ. ಕಂಬದ ಸುತ್ತ ಜಿಐ ಪಟ್ಟಿಯ ಕ್ಲಾಂಪು ಹಾಕಿ, ಇಲ್ಲವೇ ಜಿಐ ತಂತಿ ಎರಡು ಸುತ್ತು ಸುತ್ತಿ ಅದಕ್ಕೆ ಲೈನ್ ವೈರ್ ಕಟ್ಟಿ. ನಡುವಿನ ಕಂಬದಲ್ಲಿ ಲೈನ್ ವೈರ್ ಜಾರಾಡುವ ಹಾಗಿರಲಿ, ಅಲ್ಲಿ ಗಟ್ಟಿ ಬಿಗಿದರೆ ಎರಡೂ ಕಡೆಯ ಎಳೆತ ಸಮ ಆಗೋದಿಲ್ಲ. ಹಳೇ ಕಂಬದಲ್ಲಿ ಮುಳ್ಳುತಂತಿಗೆ ಅಂತ ಮಾಡಿದ ತೂತು ಇದ್ದರೆ ಪುಣ್ಯ, ಅದೇ ಸಾಕು. ಮೇಲಿನ ಎರಡೆಳೆ ಮುಳ್ಳುತಂತಿ ತುಕ್ಕು ಹಿಡಿಯದಿದ್ದರೆ ಅದನ್ನೂ ತೆಗೆಯಬೇಡಿ, ಜಾಲರಿಯ ಮೇಲೆ ಎತ್ತರಕ್ಕೆ ಆಗುತ್ತದೆ. ಹಂದಿಗಂತೂ ಎತ್ತರಕ್ಕಿಂತ ಬುಡ ಮುಖ್ಯ. ಅದು ಹಾರೋದಕ್ಕಿಂತ ಹೆಚ್ಚಾಗಿ ಮೂತಿ ಹಾಕಿ ಎತ್ತುತ್ತದೆ. ಜಾಲರಿಯ ಕೆಳಗಿನ ಒಂದು ಗೇಣು ಮಣ್ಣಿನಲ್ಲಿ ಹೂಳಿದರೆ ಒಳ್ಳೆಯದು.

ತಂತಿ ಯಾವ ಹೊತ್ತಿಗೆ ಬಿಗಿಯಬೇಕು ಅನ್ನೋದಕ್ಕೂ ಲೆಕ್ಕ ಇದೆ. 10 ಗೇಜಿನ ತಂತಿ, ಎರಡೂ ತುದಿ ಅಲ್ಲಾಡದೆ ನಿಂತಿವೆ ಅಂದುಕೊಳ್ಳಿ. ಏಪ್ರಿಲ್ ಮಧ್ಯಾಹ್ನ ಕಾದ ತಂತಿಯನ್ನು ಬಿಗಿದರೆ, ಡಿಸೆಂಬರ್ ನಸುಕಿನಲ್ಲಿ ತಾಪ 30 ಡಿಗ್ರಿ ಇಳಿದಾಗ ಕಾಗದದ ಮೇಲೆ ಒಂದೊಂದು ತಂತಿಗೆ 60 ಕೆ.ಜಿ. ಎಳೆತ ಹೆಚ್ಚಾಗುತ್ತದೆ. ಕಂಬ ಸ್ವಲ್ಪ ಬಾಗೋದರಿಂದ ನಿಜವಾದ ಸಂಖ್ಯೆ ಕಡಿಮೆ. ಆದರೂ ಬೇಸಿಗೆಯಲ್ಲಿ ವೀಣೆ ತಂತಿ ಹಾಗೆ ಬಿಗಿದವರ ಮೂಲೆ ಕಂಬ ಚಳಿಗಾಲದಲ್ಲಿ ವಾಲೋದು ಸುಮ್ಮನೆ ಅಲ್ಲ. ಬೆಳಗಿನ ತಂಪಿನಲ್ಲಿ ಬಿಗಿಯಿರಿ.

ಕರೆಂಟಿನ ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. ಹಳೇ ಕಂಬಕ್ಕೆ ಸೋಲಾರ್ ಝಟ್ಕಾ ತಂತಿ ಸೇರಿಸೋದು ಒಳ್ಳೆಯ ಉಪಾಯವೇ, ಕಂಬಕ್ಕೆ ಹೆಚ್ಚು ಎಳೆತವೂ ಬೀಳೋದಿಲ್ಲ. ಆದರೆ ಒದ್ದೆ ಕಲ್ಲು, ಒದ್ದೆ ಸಿಮೆಂಟು ಕರೆಂಟು ತಡೆಯೋದಿಲ್ಲ. ಪ್ರತಿ ಕಂಬಕ್ಕೂ ಇನ್ಸುಲೇಟರ್ ಬೇಕು. ಐಇಸಿ 60335-2-76 ಮಾನದಂಡದ ಯಂತ್ರ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಲ ಹೊಡೆಯುವಂತಿಲ್ಲ, 500 ಓಮ್ ರೋಧಕ್ಕೆ ಒಂದು ಹೊಡೆತದಲ್ಲಿ 5 ಜೂಲ್ ಮೀರುವಂತಿಲ್ಲ. ಹೊಡೆತಗಳ ನಡುವಿನ ಆ ಬಿಡುವಿನಲ್ಲೇ ಮನುಷ್ಯ ಕೈ ಬಿಡಿಸಿಕೊಳ್ಳೋದು. ಪಂಪ್‌ಸೆಟ್ಟಿನ ಲೈನಿನಿಂದ ಬೇಲಿಗೆ ನೇರ ತಂತಿ ಕೊಟ್ಟರೆ ಬಿಡುವೇ ಇಲ್ಲ. ರಾತ್ರಿ ನೀರು ತಿರುವಲು ಬಂದ ಮನೆಯವರೇ ಸಾಯ್ತಾರೆ. ಅದು ಅಪರಾಧ ಕೂಡ. ಊರಲ್ಲಿ ಯಾರಾದರೂ ಹಾಗೆ ಮಾಡಿದ್ದು ಕಂಡರೆ, ಹಿರಿಯರು ಅಂತ ಸುಮ್ಮನಿರಬೇಡಿ. "ಕಾಕಾ, ಇದನ್ನ ಇವತ್ತೇ ತಗೀರಿ" ಅನ್ನಿ.

ಕಂಬ ಕೀಳದೆ ಇರೋದಕ್ಕೆ ಇನ್ನೊಂದು ದೊಡ್ಡ ಕಾರಣ ಉಳೀತು. ಬದುವಿನ ಸಾಲಿನಲ್ಲಿ ನಿಂತ ಎಲ್ಲ ಕಲ್ಲೂ ಬೇಲಿ ಕಲ್ಲಲ್ಲ. ಕೆಲವು ಸರ್ವೆಯವರು ನೆಟ್ಟ ಬಾಂದು ಕಲ್ಲು. ಜೆಸಿಬಿ ತಂದು ಒಂದೇ ದಿನಕ್ಕೆ ಎಲ್ಲ ಕಿತ್ತರೆ ಅವೂ ಹೋಗುತ್ತವೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯಲ್ಲಿ ಗಡಿ ಗುರುತು ಕೆಡಿಸಿದವರಿಗೆ ದಂಡ ಇದೆ. ದಂಡಕ್ಕಿಂತ ದೊಡ್ಡದು, ಪಕ್ಕದ ಹೊಲದವರ ಜೊತೆಗಿನ ಮಾತು ಕೆಡೋದು. ಒಂದು ಫೂಟಿನ ಜಗಳಕ್ಕೆ ಅಣ್ಣತಮ್ಮಂದಿರೇ ಹತ್ತು ವರ್ಷ ಕೋರ್ಟಿಗೆ ಅಲೆದಿದ್ದಾರೆ. ಕಂಬ ಮುಟ್ಟೋ ಮೊದಲು ಪಕ್ಕದವರನ್ನು ಕರೆದು, ಇಬ್ಬರೂ ನಿಂತು ಸಾಲಿನ ಫೋಟೋ ತೆಗೆದಿಡಿ. ಅನುಮಾನ ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಅಳತೆ ಮಾಡಿಸಿ, ಆಮೇಲೆ ಜಾಲರಿ ತನ್ನಿ.

ಕೆಲಸದ ಸರದಿ ಹೀಗಿರಲಿ: ಮೊದಲು ಗಡಿ, ಆಮೇಲೆ ತಿರುವಿನ ಕಂಬಗಳ ಗುರುತು, ಆಮೇಲೆ ಮೂಲೆಯ ಕಾಂಕ್ರೀಟು. ಕಾಂಕ್ರೀಟಿಗೆ ದಿನಾ ನೀರು ಹಾಕುತ್ತಾ ಕನಿಷ್ಠ 7 ದಿನ ಬಿಡಬೇಕು, ಸಾಧ್ಯವಾದರೆ 14. ಆ ದಿನಗಳಲ್ಲಿ ನಡುವಿನ ಕಂಬ ನೆಟ್ಟಗೆ ಮಾಡಿಕೊಳ್ಳಬಹುದು. ಜಾಲರಿ ಕಟ್ಟುವವರು ಮೊದಲ ದಿನವೇ ಬಂದು "ಇವತ್ತ ಎಳದ ಬಿಡ್ತೀವ್ರಿ, ಏನೂ ಆಗೂದಿಲ್ಲ" ಅಂತಾರೆ. ಚಹಾ ಕೊಟ್ಟು ಮುಂದಿನ ವಾರ ಬರ್ರಿ ಅಂತ ಕಳಿಸಿಬಿಡಿ.